ಕೊನೇ ಸುತ್ತು ಯಾವಾಗಲೂ ನಮಗೇ ಯಾಕ್ರಿ?



ಸ್ವಲ್ಪ ಉದ್ದ ಬರೀತೀನಿ. ಅರ್ಧ ಓದಿ ಬೈಬ್ಯಾಡ್ರಿ, ಪೂರ್ತಿ ಓದಿ ಬೈರಿ.

ನಾನು ಜಾತ್ರಿ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ದೊಡ್ಡ ಪಾರ್ಕಿನ ರೋಲರ್ ಕೋಸ್ಟರ್ ಬಗ್ಗೆ ಮಾತಾಡಾಕ ಹತ್ತಿದಾಗಿನಿಂದ ನಮ್ಮ ಸಂಗಾತಿಗಳೇ ನಗಾಕ ಹತ್ಯಾರ. ಒಬ್ಬ ಹಿರಿಯರು ಹೆಗಲ ಮ್ಯಾಲೆ ಕೈ ಇಟ್ಟು ಹೇಳಿದರು: "ತಮ್ಮಾ, ಭೂಮಿ ಇಲ್ಲ, ಸ್ಮಶಾನಕ್ಕ ಜಾಗ ಇಲ್ಲ, ಹಾಸ್ಟೆಲ್ಲಿನೊಳಗ ಹುಡುಗೂರಿಗೆ ಊಟ ಸರಿ ಇಲ್ಲ. ನೀ ತೊಟ್ಟಿಲದ ಬೋಲ್ಟು ಎಣಸ್ಕೋತ ಕುಂತೀಯಲ್ಲೋ."

ಅವರ ಮೇಲೆ ನನಗೆ ಗೌರವ ಇದೆ. ಆದರೆ ಈ ಮಾತು ತಪ್ಪು. ಯಾಕೆ ತಪ್ಪು ಅಂತ ಹೇಳೋಕೆ ಈ ಪೋಸ್ಟ್.

ಮೊದಲು ಸಂವಿಧಾನ ತೆಗೀರಿ. 15ನೇ ವಿಧಿ, 2ನೇ ಉಪವಿಧಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ನಾಗರಿಕನನ್ನೂ ಎಲ್ಲೆಲ್ಲಿ ತಡೆಯುವಂತಿಲ್ಲ ಅಂತ ಅಲ್ಲಿ ಪಟ್ಟಿ ಇದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅದೇ ಸಾಲಿನಲ್ಲಿ, ಅಷ್ಟೇ ಗೌರವದಿಂದ ಇನ್ನೊಂದು ಇದೆ: ಸಾರ್ವಜನಿಕ ಮನರಂಜನೆಯ ಸ್ಥಳಗಳು. ಬಾವಿಯ ಪಕ್ಕದಲ್ಲೇ ಮನರಂಜನೆಯನ್ನೂ ಇಟ್ಟಿದ್ದಾರೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ ಈ ಮಾತು ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಾಗ ಮನರಂಜನೆಯ ಸ್ಥಳಕ್ಕೆ ಹೋಗದಂತೆ ತಡೆಯೋದನ್ನ ದೌರ್ಜನ್ಯ ಅಂತಾನೇ ಬರೆದರು. ಮೆರವಣಿಗೆ, ಜಾತ್ರೆಯಲ್ಲಿ ಪಾಲ್ಗೊಳ್ಳದಂತೆ ತಡೆಯೋದನ್ನೂ ಸೇರಿಸಿದರು. 'ಜಾತ್ರೆ' ಅನ್ನೋ ನಮ್ಮ ಶಬ್ದಾನೇ ದೆಹಲಿಯ ಕಾನೂನಿನೊಳಗೆ ಹೋಗಿ ಕೂತಿದೆ.

ಹಾಗಾದರೆ ಇದು ಸಣ್ಣ ವಿಷಯ ಅಂತ ಹೇಳಿದವರು ಯಾರು? ಕಾನೂನು ಹೇಳಿಲ್ಲ, ಬಾಬಾಸಾಹೇಬರು ಹೇಳಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಅವರು ಜನರನ್ನು ಕರಕೊಂಡು ಹೋದದ್ದು ಬರೀ ನೀರಡಿಕೆ ಆಗಿತ್ತು ಅಂತ ಅಲ್ಲ. ನಾವೂ ಮನುಷ್ಯರು ಅಂತ ತೋರಿಸೋಕೆ. ಮನುಷ್ಯ ಅಂದಮೇಲೆ ಹಸಿವು, ನೀರಡಿಕೆ ಅಷ್ಟೇ ಇರೂದಿಲ್ಲ. ನಗು ಇರತೈತಿ, ಆಟ ಇರತೈತಿ, ಮ್ಯಾಲಿಂದ ಕೆಳಗ ಬರುವಾಗ ಹೊಟ್ಟಿಯೊಳಗ ಝಲ್ ಅಂತೈತಲ್ಲ, ಅದೂ ಇರತೈತಿ. ಆ ಝಲ್ ಅನ್ನೋದು ಗೌಡರ ಮಗನಿಗೆ ಬೇರೆ, ಕೇರಿ ಹುಡುಗನಿಗೆ ಬೇರೆ ಅಲ್ಲ.

ಅಮೆರಿಕದ ಕಪ್ಪು ಜನರಿಗೆ ಇದು ಚಲೋ ಗೊತ್ತಿತ್ತು. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ ಲೋಕಪ್ರಸಿದ್ಧ. ಅದರಲ್ಲಿ ಅವರು ವರ್ಣಭೇದದ ನೋವನ್ನು ಹೇಳುವಾಗ ಓಟು, ನೌಕರಿ ಅಷ್ಟೇ ಹೇಳಲಿಲ್ಲ. ಟೀವಿಯಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳು ಆ ಅಮ್ಯೂಸ್‌ಮೆಂಟ್ ಪಾರ್ಕಿಗೆ ಯಾಕೆ ಹೋಗಬಾರದು ಅಂತ ಕೇಳಿದಾಗ ಅಪ್ಪನ ನಾಲಿಗೆ ಹೆಂಗ ತೊಡರುತ್ತೆ ಅನ್ನೋದನ್ನ ಬರೆದರು. ಅದೇ ವರ್ಷ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಅವರ ದೊಡ್ಡ ಭಾಷಣ ನಡೆದ ದಿನವೇ, ಬಾಲ್ಟಿಮೋರ್ ಹತ್ತಿರದ ಗ್ವಿನ್ ಓಕ್ ಪಾರ್ಕು ಮೊದಲ ಸಲ ಕಪ್ಪು ಜನರಿಗೆ ಬಾಗಿಲು ತೆರೆಯಿತು. ವರ್ಷಗಟ್ಟಲೆ ಹೋರಾಟ ಮಾಡಿ, ನೂರಾರು ಜನ ಜೈಲಿಗೆ ಹೋದ ಮೇಲೆ. ಆವತ್ತು 11 ತಿಂಗಳ ಒಂದು ಕಪ್ಪು ಕೂಸು ಅಲ್ಲಿಯ ತಿರುಗೋ ಕುದುರೆ ಮೇಲೆ ಕೂತಿತು. ಆ ಕುದುರೆಗಳ ತೊಟ್ಟಿಲು ಈಗ ವಾಷಿಂಗ್ಟನ್ನಿನ ನಡುಮಧ್ಯೆ ಇದೆ. ಅವರು ಆ ಆಟಿಕೆಯನ್ನ ಇತಿಹಾಸ ಅಂತ ಕಾಯ್ದಿಟ್ಟಿದ್ದಾರೆ. ನಾವು 'ತೊಟ್ಟಿಲದ ಬೋಲ್ಟು' ಅಂತ ನಗ್ತೀವಿ.

ಈಗ ನಮ್ಮ ಕಡೆ ಬರ್ರಿ.

ನಮ್ಮ ಗದಗ ಜಿಲ್ಲೆಯೊಳಗ ಲೂಪ್ ಹಾಕೋ ರೋಲರ್ ಕೋಸ್ಟರ್ ಇಲ್ಲ. ರಾಜ್ಯದೊಳಗ ನೋಡಬೇಕು ಅಂದ್ರ ಬಿಡದಿಗೆ ಹೋಗಬೇಕು. 2005ರಲ್ಲಿ ಶುರುವಾದ ವಂಡರ್‌ಲಾದಲ್ಲಿ 'ರಿಕಾಯಿಲ್' ಅಂತ ಒಂದಿದೆ. ತಲೆಕೆಳಗೆ ಮಾಡಿ ಮುಂದೆ ಒಯ್ದು, ಮತ್ತೆ ಅದೇ ದಾರಿಯಲ್ಲಿ ಹಿಂದೆ ತರುತ್ತೆ. ಗದಗಿನಿಂದ ನಾನೂರು ಕಿಲೋಮೀಟರಿಗೂ ದೂರ. ಒಳಗೆ ಹೋಗೋಕೆ ದೊಡ್ಡವರಿಗೆ ಸಾವಿರ ರೂಪಾಯಿಗೂ ಮೇಲೆ. ನರೇಗಾ ಕೂಲಿ 2025ರ ಏಪ್ರಿಲ್‌ನಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಮುಂಡರಗಿ ತಾಲ್ಲೂಕಿನ ಒಂದು ಕೂಲಿ ಕುಟುಂಬ, ಗಂಡ ಹೆಂಡತಿ, ಬೆಳೆದ ಇಬ್ಬರು ಮಕ್ಕಳು, ಅಲ್ಲಿ ಹೋಗಬೇಕಂದ್ರೆ ಆ ಲೆಕ್ಕದಲ್ಲಿ ಬರೀ ಗೇಟು ದಾಟೋಕೆ ಒಬ್ಬರ ಹನ್ನೊಂದು ದಿನದ ಕೂಲಿ. ಬಸ್ಸು, ಊಟ, ರಾತ್ರಿ ಮಲಗೋ ಜಾಗ ಬಿಟ್ಟು. ಅಲ್ಲಿ ಯಾರೂ ಜಾತಿ ಕೇಳಲ್ಲ, ಒಪ್ತೀನಿ. ಕೇಳೋ ಅವಶ್ಯಕತೆ ಇಲ್ಲ. ಟಿಕೀಟೇ ಕೇಳ್ತೈತಿ.

ಹಂಗಾಗಿ ನಮ್ಮ ಮಂದಿಗೆ ಉಳಿದದ್ದು ಜಾತ್ರೆ. ಗದಗಿನ ತೋಂಟದಾರ್ಯ ಜಾತ್ರೆ, ಶಿರಹಟ್ಟಿ ಫಕೀರೇಶ್ವರ ಜಾತ್ರೆ, ಮುಂಡರಗಿ ಅನ್ನದಾನೀಶ್ವರ ಜಾತ್ರೆ, ಲಕ್ಷ್ಮೇಶ್ವರದ ಸೋಮೇಶ್ವರ, ದೂದಪೀರಾಂ ದರ್ಗಾದ ಉರುಸು. ಜಾತ್ರೆ ಅಂದ್ರೆ ಬೆಂಡು ಬತ್ತಾಸು, ಬಳಿ ಅಂಗಡಿ, ಮಿರ್ಚಿ ಗಿರ್ಮಿಟ್ಟು, ಆಮೇಲೆ ರಾತ್ರಿ ಲೈಟು ಹತ್ತಿದ ಮೇಲೆ ಆಟ. ವರ್ಷಕ್ಕೊಮ್ಮೆ ನಮ್ಮ ಹೆಣ್ಣುಮಕ್ಕಳು ಬಾಯಿ ತುಂಬ ಕಿರುಚೋ ಜಾಗ ಅದು. ಮನಿಯೊಳಗ ಕಿರುಚಿದ್ರ ನಾಲ್ಕು ಮಂದಿ ಬರ್ತಾರ. ಕೊಲಂಬಸ್ಸಿನೊಳಗ ಕಿರುಚಿದ್ರ ಯಾರೂ ಕೇಳೂದಿಲ್ಲ.

ನಮ್ಮ ಅವ್ವ ಒಂದು ಮಾತು ಹೇಳ್ತಿದ್ದಳು. ಅವಳ ಕಾಲದಲ್ಲಿ ಕೈಯಿಂದ ತಿರುಗಿಸೋ ಕಟ್ಟಿಗೆ ತೊಟ್ಟಿಲು ಬರ್ತಿತ್ತಂತೆ. ಊರ ಮಕ್ಕಳು ಕೂತ ಪೆಟ್ಟಿಗೆಯಲ್ಲಿ ಕೇರಿ ಮಕ್ಕಳನ್ನ ಕೂರಿಸ್ತಿರಲಿಲ್ಲ. ಎಲ್ಲರದೂ ಮುಗಿದು, ದೀಪ ಆರಿಸೋ ಹೊತ್ತಿಗೆ, ತಿರುಗಿಸುವವನ ತೋಳು ಸೋತ ಮೇಲೆ, "ಬರ್ರಿ, ಕೊನೇ ಸುತ್ತು ನಿಮ್ಮದು" ಅಂತಿದ್ದನಂತೆ. ಅವ್ವ ಅದನ್ನ ನಗುತ್ತಾ ಹೇಳ್ತಿದ್ದಳು. ನನಗೆ ಈಗಲೂ ನಗು ಬರಲ್ಲ.

ಯಾಕಂದ್ರೆ ಕೊನೇ ಸುತ್ತು ನಿಂತಿಲ್ಲ. ರೂಪ ಬದಲಾಗಿದೆ ಅಷ್ಟೇ. ಒಂದು ಯಂತ್ರದ ಕಥೆ ಹೇಳ್ತೀನಿ, ನಿಮಗೇ ಗೊತ್ತಾಗುತ್ತೆ.

1984ರಲ್ಲಿ ಜರ್ಮನಿಯಲ್ಲಿ ಆಂಟನ್ ಶ್ವಾರ್ಜ್‌ಕಾಫ್ ಅನ್ನೋ ತಯಾರಕರ ಕಂಪನಿ ಮೂರು ಲೂಪಿನ ಉಕ್ಕಿನ ರೋಲರ್ ಕೋಸ್ಟರ್ ಮಾಡಿತು. ಹೆಸರು 'ಡ್ರೈಯರ್ ಲೂಪಿಂಗ್'. ಮೊದಲು ಅದು ಜರ್ಮನಿಯ ಜಾತ್ರೆಗಳಲ್ಲಿ ತಿರುಗಿತು. ಹೌದು, ಅಲ್ಲೂ ಜಾತ್ರೆ ಇರ್ತಾವ. ಅಲ್ಲಿಯ ಮಂದಿ ಆಡಿ ಮುಗಿದ ಮೇಲೆ ಅದು ಮಲೇಶಿಯಾಕ್ಕೆ ಹೋಯಿತು. ಅಲ್ಲಿಂದ ಇಂಗ್ಲೆಂಡಿನ ಫ್ಲೆಮಿಂಗೋ ಲ್ಯಾಂಡ್ ಪಾರ್ಕಿಗೆ. ಕೊನೆಗೆ 2007ರಲ್ಲಿ ಮೆಕ್ಸಿಕೋ ನಗರದ ಚಾಪುಲ್ಟೆಪೆಕ್ ಕಾಡಿನ ಜನಸಾಮಾನ್ಯರ ಪಾರ್ಕಿಗೆ ಬಂತು. ಅಲ್ಲಿ ಅದಕ್ಕೆ 'ಕಿಮೇರಾ' ಅಂತ ಹೊಸ ಹೆಸರು ಬಂತು. ಕಬ್ಬಿಣ ಮಾತ್ರ ಹಳೇದೇ. 2019ರ ಸೆಪ್ಟೆಂಬರ್ 28ರಂದು ಓಡುತ್ತಿದ್ದಾಗ ಕೊನೆಯ ಗಾಡಿ ಹಳಿ ತಪ್ಪಿ ಕೆಳಗೆ ಬಿತ್ತು. ಇಬ್ಬರು ಹುಡುಗರು ಸತ್ತರು. ಒಬ್ಬನಿಗೆ 18, ಇನ್ನೊಬ್ಬನಿಗೆ 21. ತನಿಖೆ ಮಾಡಿದವರು ನಿರ್ವಹಣೆ ಸರಿ ಇರಲಿಲ್ಲ ಅಂದರು. ಪಾರ್ಕು ಮುಚ್ಚಿತು.

35 ವರ್ಷದ ಯಂತ್ರ, ನಾಲ್ಕು ದೇಶ. ಕೊನೇ ಸುತ್ತು ಯಾರ ಪಾಲಿಗೆ ಬಂತು ನೋಡ್ರಿ.

ಇದನ್ನ ಓದಿದಾಗ ನನಗೆ ಮೆಕ್ಸಿಕೋ ನೆನಪಾಗಲಿಲ್ಲ. ಉಟ್ಟು ಬಿಟ್ಟ ಸೀರೆ ನೆನಪಾಯ್ತು. ಮದುವೆ ಮುಗಿದ ಮೇಲೆ ಪಾತ್ರೆ ತಳದಲ್ಲಿ ಉಳಿದ ಅನ್ನ ನೆನಪಾಯ್ತು. ಮೇಲಿನವರಿಗೆ ಸಾಕಾದದ್ದು ಕೆಳಗೆ ಬರುತ್ತೆ, ಮತ್ತು ಬಂದಾಗ ಉಪಕಾರದ ಹೆಸರಲ್ಲಿ ಬರುತ್ತೆ. "ಏನೋ ಪಾಪ, ಇಷ್ಟಾದ್ರೂ ಸಿಕ್ತಲ್ಲ." ಹಳಸಿದ ಅನ್ನದಿಂದ ಹೊಟ್ಟೆ ಕೆಟ್ಟೀತು. ಹಳಸಿದ ಕಬ್ಬಿಣದಿಂದ ಹೆಣ ಬೀಳತೈತಿ.

ಈಗ ಒಂದು ಮಾತು ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಇಲ್ಲೇ ಮಂದಿ ದಾರಿ ತಪ್ತಾರ. ಹಳೇದು ಅಂದ ಕೂಡಲೇ ಕೆಟ್ಟದ್ದು ಅಂತ ಅಲ್ಲ. ಅದೇ ಶ್ವಾರ್ಜ್‌ಕಾಫ್ ಮಾಡಿದ 'ರೆವಲ್ಯೂಷನ್' ಅನ್ನೋ ಕೋಸ್ಟರ್ 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಶುರುವಾಯಿತು. ಈ ಕಾಲದ ಉಕ್ಕಿನ ಲೂಪ್ ಕೋಸ್ಟರುಗಳಿಗೆಲ್ಲ ಅದು ಹಿರಿಯಣ್ಣ. ಕಿಮೇರಾಕ್ಕಿಂತ ಎಂಟು ವರ್ಷ ಹಳೇದು, ಆದರೂ ಕಿಮೇರಾ ಬಿದ್ದ ಮೇಲೂ ಓಡಿದೆ. ಹೊಸದು ಅಂದ ಕೂಡಲೇ ಚಲೋ ಅಂತಾನೂ ಅಲ್ಲ. ಕೆನಡಾದ ಎಡ್ಮಂಟನ್ನಿನ ಮಾಲ್‌ನಲ್ಲಿ ಅದೇ ಕಂಪನಿಯ ಮೂರು ಲೂಪಿನ 'ಮೈಂಡ್‌ಬೆಂಡರ್' ಇತ್ತು. ಶುರುವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1986ರ ಜೂನ್ 14ರಂದು ಕೊನೆಯ ಗಾಡಿಯ ಗಾಲಿ ಕಳಚಿ ಬಿತ್ತು, ಗಾಡಿ ಕಂಬಕ್ಕೆ ಬಡಿಯಿತು, ಮೂವರು ಸತ್ತರು. ಕಾರಣ? ಗಾಲಿಯ ಜೋಡಣೆ ಹಿಡಿದಿಡೋ ಬೋಲ್ಟುಗಳೇ ಇರಲಿಲ್ಲ. ಅದನ್ನ ಸರಿ ಮಾಡಿ, ಮತ್ತೆ ಶುರು ಮಾಡಿ, 2023ರಲ್ಲಿ ಮುಚ್ಚುವವರೆಗೂ ಆಡಿಸಿದರು.

ಹಂಗಾದ್ರ ಕೊಲ್ಲೋದು ವಯಸ್ಸಲ್ಲ, ಆರೈಕೆ ಇಲ್ಲದಿರೋದು. ಕೂತವರ ಜೀವಕ್ಕೆ ಬೆಲೆ ಇದ್ದಲ್ಲಿ ಆರೈಕೆ ಇರುತ್ತೆ.

ಇದನ್ನ ತಿಳಿಯೋಕೆ ದೊಡ್ಡ ಇಂಜಿನಿಯರಿಂಗ್ ಬೇಕಾಗಿಲ್ಲ. ಚಕ್ಕಡಿ ಕಂಡವರಿಗೆ ಕಡಾಣಿ ಗೊತ್ತು. ಅಚ್ಚಿನ ತುದಿಗೆ ಇರೋ ಆ ಗೇಣುದ್ದದ ಕೀಲು ಬಿದ್ದರೆ ಗಾಲಿ ಒಂದು ಕಡೆ, ಚಕ್ಕಡಿ ಒಂದು ಕಡೆ. ರೋಲರ್ ಕೋಸ್ಟರಿನ ಗಾಡಿಗೂ ಹಾಗೇ. ಹಳಿ ಮೇಲೆ ಓಡೋ ಗಾಲಿ ಒಂದು, ಪಕ್ಕದಿಂದ ಒತ್ತಿ ಹಿಡಿಯೋ ಗಾಲಿ ಒಂದು, ಹಳಿಯ ಕೆಳಗಿನಿಂದ ತಬ್ಬಿ ಹಿಡಿಯೋ ಗಾಲಿ ಇನ್ನೊಂದು. ಮೂರೂ ಸೇರಿ ಗಾಡಿಯನ್ನ ಹಳಿಗೆ ಕಟ್ಟಿ ಹಾಕಿರ್ತಾವ. ಸರಪಳಿ ಗಾಡಿಯನ್ನ ಮೇಲೆ ಎಳೆದು ಬಿಟ್ಟ ಮೇಲೆ ಇಂಜಿನ್ನು ಗಿಂಜಿನ್ನು ಏನೂ ಇರಲ್ಲ. ತನ್ನ ಭಾರದಿಂದ ತಾನೇ ಓಡುತ್ತೆ. ಲೂಪಿನ ತಳಕ್ಕೆ ಬಂದಾಗ ಮೈ ಭಾರ ಮೂರು ನಾಲ್ಕು ಪಟ್ಟು ಆದಂಗ ಆಗತೈತಿ. ಅಷ್ಟೂ ಒತ್ತಡ ಹೋಗೋದು ಆ ಗಾಲಿಗೆ, ಆ ಅಚ್ಚಿಗೆ, ಆ ಬೋಲ್ಟಿಗೆ. ದಿನಕ್ಕೆ ನೂರಾರು ಸಲ.

ಕಬ್ಬಿಣಕ್ಕೂ ದಣಿವು ಇದೆ. ತಂತಿಯನ್ನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ದರೆ ಕೊನೆಗೊಮ್ಮೆ ಪಟ್ ಅಂತ ಮುರಿಯಲ್ವಾ, ಹಂಗ. ಮೊದಲು ಕೂದಲೆಳೆಯಷ್ಟು ಬಿರುಕು ಬೀಳುತ್ತೆ. ಕಣ್ಣಿಗೆ ಕಾಣಲ್ಲ. ಅದಕ್ಕೇ ಒಳ್ಳೆಯ ಪಾರ್ಕುಗಳಲ್ಲಿ ಬಿಡಿಭಾಗಗಳನ್ನ ಬಿಚ್ಚಿ ಅಲ್ಟ್ರಾಸೌಂಡು, ಅಯಸ್ಕಾಂತದ ಪುಡಿ ಹಾಕಿ ಪರೀಕ್ಷೆ ಮಾಡ್ತಾರೆ. ಬಿರುಕಿನ ಮೇಲೆ ಬಣ್ಣ ಬಳಿದರೆ ಬಿರುಕು ಹೋಗಲ್ಲ, ಕಾಣೋದು ಹೋಗುತ್ತೆ. ಒಂದು ಊರಲ್ಲಿ, ಊರ ಹೆಸರು ಬ್ಯಾಡ, ಜಾತ್ರೆ ಹಿಂದಿನ ದಿನ ಒಬ್ಬ ಅಧಿಕಾರಿಗೆ ಕೇಳಿದೆ: "ಸಾಹೇಬ್ರ, ಈ ತೊಟ್ಟಿಲು ಎಷ್ಟು ವರ್ಷದ್ದು? ಪರೀಕ್ಷೆ ಮಾಡಿದ ಕಾಗದ ಐತೇನ್ರಿ?" ಅವರು ತೊಟ್ಟಿಲು ನೋಡಿದರು, ನನ್ನ ನೋಡಿದರು, "ಪೇಂಟ್ ಹೊಸಾದ ಐತಲ್ಲೋ" ಅಂದರು. ಅಷ್ಟೇ. ನಮ್ಮ ವ್ಯವಸ್ಥೆಯ ಪರೀಕ್ಷೆ ಪೇಂಟಿಗೆ ಮುಗೀತು.

ನಾನು ಮಾದಿಗರ ಕೇರಿಯವನು. ನಮ್ಮ ಹಿರೇರು ಮಿಣಿ ಹೊಸೀತಿದ್ರು. ಕಪಿಲೆ ಬಾವಿಗೆ ಇಳಿಯೋ ಹಗ್ಗ ಅದು. ಹರಿದರೆ ಎತ್ತಿನ ಕಾಲು, ಮನುಷ್ಯನ ಜೀವ ಎರಡೂ ಹೋಗ್ತಿದ್ದವು. ಅದಕ್ಕೆ ಅವರು ದಿನಾ ಮಿಣಿಯನ್ನ ಕೈಯಿಂದ ಸವರಿ ನೋಡ್ತಿದ್ರು: ಎಲ್ಲಿ ಒಣಗಿದೆ, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಎಣ್ಣೆ ಹಚ್ಚಬೇಕು. ಇದನ್ನ ಊರು 'ಕೀಳು ಕಸುಬು' ಅಂದಿತು. ಇವತ್ತು ಅದೇ ಕೆಲಸಕ್ಕೆ ದೊಡ್ಡ ಕಾಲೇಜಿನೊಳಗ ಡಿಗ್ರಿ ಕೊಡ್ತಾರ. ಹಗ್ಗ ಎಷ್ಟು ದಿನದ್ದು, ಯಾರು ನೋಡಿದರು ಅಂತ ಕೇಳೋದು ನಮಗೆ ಹೊಸದಲ್ಲ. ನಮ್ಮ ಕಸುಬಿನ ಬುದ್ಧಿ ಅದು. ಆ ಬುದ್ಧಿ ಬಿಟ್ಟು ಕೊಡಬ್ಯಾಡ್ರಿ.

ಇನ್ನು, "ಇದೆಲ್ಲ ಫಾರಿನ್ ಕಥೆ" ಅನ್ನೋರಿಗೆ.

2019ರ ಜುಲೈ 14. ಅಹಮದಾಬಾದಿನ ಕಾಂಕರಿಯಾ ಕೆರೆ ದಂಡೆಯ ಪಾರ್ಕು. ತೂಗಾಡೋ ಆಟದ ಕಬ್ಬಿಣದ ಪೈಪು ಮುರಿದು ಇಡೀ ಚಕ್ರ ನೆಲಕ್ಕೆ ಬಿತ್ತು. ಇಬ್ಬರು ಸತ್ತರು, ಇಪ್ಪತ್ತೈದಕ್ಕೂ ಹೆಚ್ಚು ಜನರಿಗೆ ಗಾಯ. 2022ರ ಸೆಪ್ಟೆಂಬರ್. ಪಂಜಾಬಿನ ಮೊಹಾಲಿಯ ಮೇಳ. ಮೇಲೆ ಹೋದ ಆಟ ನಿಲ್ಲದೆ ಧೊಪ್ಪಂತ ಬಿತ್ತು. ವಿಡಿಯೊ ನೀವೆಲ್ಲ ನೋಡೀರಿ, ಫಾರ್ವರ್ಡೂ ಮಾಡೀರಿ. 2024ರ ಮೇ 25. ರಾಜಕೋಟದ ಗೇಮ್ ಝೋನಿನಲ್ಲಿ ಬೆಂಕಿ. 27 ಜೀವ. ಅದರಲ್ಲಿ ಮಕ್ಕಳೂ ಇದ್ದರು. 2025ರ ಏಪ್ರಿಲ್. ದೆಹಲಿಯ ಕಪಶೇರಾ ಹತ್ತಿರದ ಪಾರ್ಕು. 24 ವರ್ಷದ ಯುವತಿ ರೋಲರ್ ಕೋಸ್ಟರಿನಿಂದ ಬಿದ್ದು ಸತ್ತಳು.

ಪ್ರತಿ ಸಲ ಆಗೋದು ಒಂದೇ. ಆಪರೇಟರ್ ಹುಡುಗನನ್ನ ಹಿಡೀತಾರೆ. ಎರಡು ದಿನ ಎಲ್ಲಾ ಕಡೆ ತಪಾಸಣೆ. ಮೂರನೇ ವಾರ ಮರೆವು. ಆ ಹುಡುಗ ಯಾರ್ರೀ? ದೂರದ ಊರಿಂದ ಹೊಟ್ಟೆಪಾಡಿಗೆ ಬಂದವನು, ರಾತ್ರಿ ಆ ಯಂತ್ರದ ಬುಡದಲ್ಲೇ ಮಲಗುವವನು, ಬೆಲ್ಟಿಲ್ಲದೆ ಕಂಬ ಹತ್ತಿ ಬೋಲ್ಟು ಬಿಗಿಯುವವನು. ಅವನ ಜೀವವೂ ಅದೇ ಬೋಲ್ಟಿಗೆ ನೇತು ಬಿದ್ದಿದೆ. ಇಂಗ್ಲೆಂಡಿನ ಆಲ್ಟನ್ ಟವರ್ಸಿನಲ್ಲಿ 2015ರ ಜೂನ್ 2ರಂದು 'ಸ್ಮೈಲರ್' ಕೋಸ್ಟರಿನ ಗಾಡಿಗಳು ಡಿಕ್ಕಿ ಹೊಡೆದು ಇಬ್ಬರು ಯುವತಿಯರು ಒಂದೊಂದು ಕಾಲು ಕಳಕೊಂಡರು. ಅಲ್ಲೂ ಕೆಲಸದವರ ಕೈತಪ್ಪು ಇತ್ತು. ಆದರೆ ಅಲ್ಲಿಯ ಸುರಕ್ಷತಾ ಇಲಾಖೆ, ತಪ್ಪು ಈ ಕೆಲಸಗಾರರದಲ್ಲ, ಅವರಿಗೆ ಸರಿಯಾದ ವ್ಯವಸ್ಥೆ ಮಾಡಿಕೊಡದ ಕಂಪನಿಯದು ಅಂದಿತು. ಕೋರ್ಟು ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ನಮ್ಮಲ್ಲಿ ದಂಡ ಕಟ್ಟೋದು ಯಾವಾಗಲೂ ಕಂಬದ ಬುಡದವನು.

ಇನ್ನೊಂದು ಬಗೆಯ ಮಂದಿ ಇದ್ದಾರೆ. ಅಪಘಾತ ಆದ ಕೂಡಲೇ "ಇಂಥ ಆಟ ಬಂದ್ ಮಾಡ್ರಿ" ಅನ್ನೋರು. ಇವರ ಮಕ್ಕಳು ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗಿ ಆಡಿ ಬರ್ತಾರೆ. ಬಂದ್ ಆಗಬೇಕಾದ್ದು ಮಾತ್ರ ನಮ್ಮ ಜಾತ್ರೆಯದು. ಇವರಿಗೆ ನನ್ನ ಉತ್ತರ: ಶಾಲೆ ಬಿಸಿಯೂಟದಲ್ಲಿ ಹುಳ ಬಂದರೆ ಊಟ ಬಂದ್ ಮಾಡ್ತೀರಾ, ಅಕ್ಕಿ ಬದಲಿಸ್ತೀರಾ? ಆಟ ಬಂದ್ ಮಾಡಬ್ಯಾಡ್ರಿ. ಬೋಲ್ಟು ಬದಲಿಸ್ರಿ.

ಮತ್ತೆ "ಹತ್ತೋರೇ ಧೈರ್ಯ ಮಾಡಿ ಹತ್ತತಾರ, ಯಾರೂ ಒತ್ತಾಯ ಮಾಡಿಲ್ಲ" ಅನ್ನೋರಿಗೆ ಸ್ವಲ್ಪ ಇತಿಹಾಸ. ನಮ್ಮ ನಾಡಿನ ಜಾತ್ರೆಯೊಳಗ ಮನುಷ್ಯನನ್ನ ಎತ್ತರಕ್ಕೆ ಒಯ್ದು ತಿರುಗಿಸೋ ಪದ್ಧತಿ ಕರೆಂಟು ಬರೋದಕ್ಕೂ ಮೊದಲೇ ಇತ್ತು. ಅದಕ್ಕೆ ಸಿಡಿ ಅಂತಿದ್ರು. ಬೆನ್ನಿಗೆ ಕೊಂಡಿ ಚುಚ್ಚಿ, ಕಂಬದ ತುದಿಗೆ ಕಟ್ಟಿ, ಗಾಳಿಯೊಳಗ ಸುತ್ತಿಸ್ತಿದ್ರು. ಅನೇಕ ಕಡೆ ಆ ಬೆನ್ನು ದಲಿತರದ್ದು, ಕೆಳಜಾತಿಯವರದ್ದು. ಮಳೆ ಬೆಳೆ ಊರಿಗೆ, ಗಾಯ ನಮಗೆ. ಅದನ್ನೂ "ಭಕ್ತಿಯಿಂದ ತಾವಾಗಿಯೇ ಮಾಡ್ತಾರೆ" ಅಂತಾನೇ ಹೇಳ್ತಿದ್ರು. ಮೈಗೆ ಕೊಂಡಿ ಚುಚ್ಚೋ ಇಂಥ ಆಚರಣೆಗಳನ್ನ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ತಡೆ ಕಾಯ್ದೆ ನಿಷೇಧಿಸಿದೆ. ಆಟವೂ ಸಿಡಿಯೂ ಒಂದೇ ಅಂತ ನಾನು ಹೇಳಲ್ಲ. ಆಟಕ್ಕೆ ನಾವು ನಗೋಕೆ ಹತ್ತತೀವಿ. ಆದರೆ ಗೊತ್ತಿದ್ದು ಹತ್ತೋದು ಬೇರೆ, ಗೊತ್ತಿಲ್ಲದೆ ಹತ್ತಿಸೋದು ಬೇರೆ. ಯಂತ್ರದ ವಯಸ್ಸು ಮುಚ್ಚಿಟ್ಟು ಟಿಕೀಟು ಹರಿದು ಕೊಟ್ಟರೆ ಅದಕ್ಕೆ ಧೈರ್ಯ ಅನ್ನಲ್ಲ, ಮೋಸ ಅಂತಾರೆ.

ಜಾತ್ರೆ ಯಂತ್ರಕ್ಕೆ ಪಾರ್ಕಿನ ಯಂತ್ರಕ್ಕಿಂತ ಹೆಚ್ಚು ಆರೈಕೆ ಬೇಕು, ಕಡಿಮೆ ಅಲ್ಲ. ಪಾರ್ಕಿನದು ಒಂದೇ ಕಡೆ ಕಾಂಕ್ರೀಟಿನಲ್ಲಿ ನಿಂತಿರುತ್ತೆ. ಜಾತ್ರೆಯದು ಊರೂರಿಗೆ ಬಿಚ್ಚಿ, ಲಾರಿಗೆ ಹೇರಿ, ಮತ್ತೆ ಕೂಡಿಸಬೇಕು. ಪ್ರತಿ ಸಲ ಬಿಚ್ಚಿದಾಗ ಬೋಲ್ಟಿನ ಹಲ್ಲು ಸವೆಯುತ್ತೆ, ಪಿನ್ನಿನ ತೂತು ಅಗಲ ಆಗುತ್ತೆ. ಬೇರೆ ಊರಲ್ಲಿ ಕೊಟ್ಟ ಸರ್ಟಿಫಿಕೇಟು ಈ ಊರಲ್ಲಿ ಕೂಡಿಸಿದ ಯಂತ್ರಕ್ಕೆ ಸಾಕಾಗಲ್ಲ. ಅದರ ಮೇಲೆ ನಮ್ಮ ಭಾಗದ ಎರಿ ನೆಲ. ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರಿತೈತಿ, ಒಂದು ಅಡ್ಡಮಳಿ ಬಿದ್ರ ಬೆಣ್ಣಿ ಆಗತೈತಿ. ಕಟ್ಟಿಗೆ ದಿಮ್ಮಿ ಇಟ್ಟು ಅದರ ಮೇಲೆ ಟನ್‌ಗಟ್ಟಲೆ ಕಬ್ಬಿಣ ನಿಲ್ಲಿಸಿದರೆ, ರಾತ್ರಿ ಮಳೆ ಬಂದು ಬೆಳಿಗ್ಗೆ ಒಂದು ಕಾಲು ಎರಡು ಇಂಚು ಕುಸಿದರೆ, ನೋಡುವವರು ಯಾರು?

ಜಾಗಕ್ಕೆ ಬಾಡಿಗೆ ತಗೊಳ್ಳೋಕೆ ಜನ ಇದ್ದಾರೆ. ಕರೆಂಟ್ ಕೊಡೋಕೆ ಹೆಸ್ಕಾಂ ಇದೆ. ಬಂದೋಬಸ್ತಿಗೆ ಪೊಲೀಸರಿದ್ದಾರೆ. ಬೋಲ್ಟು ಯಾರ ಇಲಾಖೆ?

ಅದಕ್ಕೆ ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳು, ಜಾತ್ರಾ ಕಮಿಟಿಗಳು, ಜಿಲ್ಲಾಡಳಿತ ಎಲ್ಲರ ಮುಂದೆ ನಮ್ಮ ಬೇಡಿಕೆ ಇವು:

1. ಪ್ರತಿ ಆಟದ ಮುಂದೆ ಕನ್ನಡದಲ್ಲಿ ದೊಡ್ಡ ಬೋರ್ಡು. ಯಾವ ವರ್ಷ ಮಾಡಿದ್ದು, ಸೆಕೆಂಡ್ ಹ್ಯಾಂಡ್ ಆಗಿದ್ದರೆ ಎಲ್ಲಿಂದ ಬಂದದ್ದು, ಎಷ್ಟು ಜನ ಕೂರಬಹುದು, ಎಷ್ಟು ಎತ್ತರದ ಮಕ್ಕಳು ಹತ್ತಬಹುದು, ಕೊನೆಯ ಪರೀಕ್ಷೆ ಯಾವತ್ತು, ಸಹಿ ಹಾಕಿದವರು ಯಾರು.

2. ಪರೀಕ್ಷೆ ಆಗಬೇಕಾದ್ದು ಇಲ್ಲಿ, ಕೂಡಿಸಿದ ಮೇಲೆ, ಮಣ್ಣಿನ ಚೀಲ ಹೇರಿ ಓಡಿಸಿ ನೋಡಿ. ಮಳೆ ಬಂದ ಮರುದಿನ ಮತ್ತೊಮ್ಮೆ. ಇಂಜಿನಿಯರು ಎಲ್ಲಿಂದ ತರೋಣ ಅನ್ನಬ್ಯಾಡ್ರಿ. ಲೋಕೋಪಯೋಗಿ ಇಲಾಖೆ ಇದೆ, ಗದಗಿನಲ್ಲೇ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು ಇದೆ.

3. ಹತ್ತುವವರಿಗೂ, ಆಡಿಸೋ ಕೆಲಸಗಾರರಿಗೂ ವಿಮೆ. ವಿಮೆ ಕಾಗದ ತೋರಿಸದೆ ಜಾಗ ಇಲ್ಲ. ಹೆಚ್ಚಿಗೆ ಬಾಡಿಗೆ ಕೊಡೋನಿಗಿಂತ ಕಾಗದ ಸರಿ ಇದ್ದವನಿಗೆ ಮೊದಲು ಜಾಗ.

4. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಮೊರಾರ್ಜಿ ಶಾಲೆಯ ಮಕ್ಕಳನ್ನ ವರ್ಷಕ್ಕೊಮ್ಮೆ ಸುರಕ್ಷಿತವಾದ ಒಳ್ಳೆ ಪಾರ್ಕಿಗೆ ಸರ್ಕಾರಿ ಖರ್ಚಿನಲ್ಲಿ ಕರಕೊಂಡು ಹೋಗ್ರಿ. ಬರೀ ದೇವಸ್ಥಾನ ತೋರಿಸಿ ವಾಪಸ್ ತರಬ್ಯಾಡ್ರಿ. ನಮ್ಮ ಹುಡುಗಿ ಕೂಡ ಒಮ್ಮೆ ತಲೆಕೆಳಗೆ ಆಗಿ ಲೋಕ ನೋಡಲಿ. ನೆಟ್ಟಗಿರೋ ಲೋಕ ಅವಳಿಗೆ ಗೊತ್ತೇ ಐತಿ.

ಶಿರಹಟ್ಟಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಲಕ್ಷ್ಮೇಶ್ವರ, ಮುಂಡರಗಿಯೂ ಅದರೊಳಗೇ ಬರ್ತಾವ. ಯಾವ ಪಕ್ಷದವರೇ ಇರಲಿ, ನಮ್ಮ ಹೆಸರಿನ ಕುರ್ಚಿ ಮೇಲೆ ಕೂತವರು ಜಾತ್ರೆಗೆ ಬಂದು ತೇರಿಗೆ ಕೈ ಮುಗಿದು, ಫೋಟೊ ತೆಗೆಸಿಕೊಂಡು ಹೋದರೆ ಸಾಲದು. ತೊಟ್ಟಿಲದ ಬುಡಕ್ಕೂ ಬಂದು ಎರಡು ಪ್ರಶ್ನೆ ಕೇಳಬೇಕು.

ಅವರು ಕೇಳದಿದ್ರ ನಾವು ಕೇಳೋಣ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ, ತೊಟ್ಟಿಲದ ಒಂದು ಟಿಕೀಟಿಗಿಂತ ಅಗ್ಗ. 30 ದಿನ ಕಾಯ್ರಿ ಅಂದ್ರ ಒಪ್ಪಬ್ಯಾಡ್ರಿ, ಅಷ್ಟೊತ್ತಿಗೆ ಜಾತ್ರೆ ಮುಗಿದು ಯಂತ್ರ ಮುಂದಿನ ಊರಿಗೆ ಹೋಗಿರತೈತಿ. ಜೀವ ಮತ್ತು ಸ್ವಾತಂತ್ರ್ಯದ ವಿಷಯ ಆದರೆ 48 ತಾಸಿನೊಳಗೆ ಮಾಹಿತಿ ಕೊಡಬೇಕು ಅಂತ 2005ರ ಕಾಯ್ದೆಯ 7ನೇ ಕಲಮಿನಲ್ಲೇ ಇದೆ. ಅರ್ಜಿಯ ಮೊದಲ ಸಾಲಿನಲ್ಲಿ ಆ ಕಲಮು ಬರೀರಿ. ಆಮೇಲೆ ಇಷ್ಟು ಬರೀರಿ:

"ಈ ಊರಿನ ಜಾತ್ರೆಯಲ್ಲಿ ಅನುಮತಿ ಕೊಟ್ಟಿರುವ ಪ್ರತಿ ಯಾಂತ್ರಿಕ ಆಟದ ತಯಾರಿಕೆ ವರ್ಷ, ಇಲ್ಲಿ ಜೋಡಿಸಿದ ನಂತರ ಮಾಡಿದ ಸುರಕ್ಷತಾ ಪರೀಕ್ಷೆಯ ವರದಿ, ಪರೀಕ್ಷೆ ಮಾಡಿದವರ ಹೆಸರು ಮತ್ತು ಹುದ್ದೆ, ವಿಮೆ ಪ್ರತಿ, ಅನುಮತಿ ಪತ್ರದ ಪ್ರತಿ ಕೊಡಬೇಕು."

ನಾಲ್ಕು ಊರಿಂದ ನಾಲ್ಕು ಅರ್ಜಿ ಹೋದರೆ ಸಾಕು, ಆಫೀಸಿನೊಳಗ ಕುರ್ಚಿ ಸರಿದಾಡ್ತಾವ. ಅರ್ಜಿ ಬರೆಯೋಕೆ ಬರಲ್ಲ ಅಂದ್ರೆ ನನಗೆ ಫೋನ್ ಮಾಡ್ರಿ, ಬಂದು ಬರೆದು ಕೊಡ್ತೀನಿ. ಉತ್ತರ ಬಂದರೆ ಅದರ ಫೋಟೊ ಇಲ್ಲೇ ಹಾಕ್ರಿ. ಉತ್ತರ ಬರದಿದ್ದರೆ ಅದನ್ನೂ ಹಾಕ್ರಿ.

ನಗೋರು ನಗಲಿ. ನಮ್ಮ ಹುಡುಗೂರು ಮ್ಯಾಲೆ ಹೋಗಿ ಕೆಳಗ ಇಳಿದು ಮನಿಗೆ ಬರಬೇಕು. ಅಷ್ಟು ಆಗುವ ತನಕ ನಾನು ಬೋಲ್ಟು ಎಣಿಸ್ತೀನಿ.

ಜೈಭೀಮ್.